ಪನ್ನೀರುದಾನಿಯಲ್ಲಿ ದುಬೈ ಸೆಂಟು

ಸೆಂಟು ಕೊಳ್ಳಲು ಬರುವವರಲ್ಲಿ ಮುಕ್ಕಾಲು ಪಾಲು ಜನ ಮೂಗಿನಿಂದ ಕೊಳ್ಳುವುದಿಲ್ಲ, ಕಣ್ಣಿನಿಂದ ಕೊಳ್ಳುತ್ತಾರೆ. ಬಾಟಲಿ ಚೆಂದ ಇರಬೇಕು, ಹೆಸರು ನಾಲಿಗೆಗೆ ತೊಡಕಬೇಕು, ಪಕ್ಕದ ಮನೆಯವರು ಅದನ್ನೇ ಹಾಕಿಕೊಂಡಿರಬೇಕು. ಹೊಸಪೇಟೆಯ ಬಜಾರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅತ್ತರು, ಸೆಂಟು, ಊದುಬತ್ತಿ, ವಿಭೂತಿ ಮಾರುತ್ತಿರುವ ನನಗೆ ಇಂಥವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ನನ್ನ ಅಂಗಡಿಯಲ್ಲಿ ಒಂದೇ ನಿಯಮ. ಮಣಿಕಟ್ಟಿಗೆ ಒಂದು ಹನಿ ಹಚ್ಚಿಸಿಕೊಳ್ಳಬೇಕು, ತಿಕ್ಕಬಾರದು, ಹೊರಗೆ ಹೋಗಿ ಬಿಸಿಲಲ್ಲಿ ಅರ್ಧ ಗಂಟೆ ಅಡ್ಡಾಡಿ ಬರಬೇಕು. ಆಮೇಲೆ ಮೂಸಿ ನೋಡಿ, ಮನಸ್ಸಿಗೆ ಬಂದರೆ ತೆಗೆದುಕೊಳ್ಳಬೇಕು. ಎಣ್ಣೆ ಮೈಯವರಿಗೆ ಒಂದು ಒಪ್ಪುತ್ತದೆ, ಒಣ ಮೈಯವರಿಗೆ ಇನ್ನೊಂದು. ಅಕ್ಕನ ಮೈಮೇಲೆ ಹೂವಾಗಿ ನಿಲ್ಲುವುದು ತಂಗಿಯ ಮೈಮೇಲೆ ಹುಳಿಯಾಗಿಬಿಡಬಹುದು. ಅದರಲ್ಲಿ ತಂಗಿಯ ತಪ್ಪೇನೂ ಇಲ್ಲ, ಸೆಂಟಿನ ತಪ್ಪೂ ಇಲ್ಲ. ಇಷ್ಟು ಸಣ್ಣ ಮಾತು ತಿಳಿಯದ ಜನ ನಮ್ಮ ಹುಡುಗಿಗೆ ಮಾಡಿದ ಅವಮಾನ ನೆನೆದರೆ ಈಗಲೂ ನಾನು ಹಲ್ಲು ಕಡಿಯುತ್ತೇನೆ.

ಹುಡುಗಿ ಎಂದರೆ ಪೂಜಿತಾ, ನನ್ನ ತಮ್ಮ ಮರುಳಸಿದ್ದಪ್ಪನ ಒಬ್ಬಳೇ ಮಗಳು. ಅವಳು ಐದು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದ ಇಲ್ಲಿಯತನಕ ಅವಳ ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಕುಳಿತವಳು ನಾನು. ಈಗ ಅವಳಿಗೆ ಇಪ್ಪತ್ತಾರು. ಸಂಡೂರು ಕಡೆ ಒಂದು ಗಣಿ ಕಂಪನಿಯ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುತ್ತಾಳೆ. ಸಂಜೆ ಚಿತ್ತವಾಡ್ಗಿಯಲ್ಲಿರುವ ಅಪ್ಪನ ಮನೆಗೆ ಬರುವಾಗ ಕಿವಿಯ ಹಿಂದೆಯೂ ಕೆಂಪು ಧೂಳು. ದಿನಕ್ಕೆ ಎರಡು ಸಲ ಸೋಪು ತಿಕ್ಕಿ ತಿಕ್ಕಿ ತೊಳೆದು ಅವಳ ಚರ್ಮ ಬೇಸಿಗೆಯ ಗೋಡೆಯಷ್ಟು ಒಣಗಿದೆ. ಅವಳಿಗೆ ನಾನು ಕೊಡುವುದು ಒಂದೇ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದ ಮೇಲೆ ಖಸ್ ಅತ್ತರಿನ ಒಂದು ಹನಿ. ಲಾವಂಚದ ಆ ತಂಪು ವಾಸನೆ ಅವಳ ಮೈಗೆ ಒಗ್ಗಿಕೊಂಡು ಸಂಜೆಯತನಕ ನಿಲ್ಲುತ್ತದೆ.

ಸಂಬಂಧ ಬಂದದ್ದು ಕಂಪ್ಲಿಯ ರೈಸ್ ಮಿಲ್ಲಿನವರ ಮನೆಯಿಂದ. ಹುಡುಗ ಈಶ್ವರ್, ಓದಿದವನು, ಮೆತ್ತಗೆ ಮಾತಾಡುವವನು. ಪೂಜಿತಾ ಅವನೊಂದಿಗೆ ಎರಡು ಸಲ ಹಂಪಿಗೆ ಹೋಗಿ ಬಂದಳು, ಎರಡನೇ ಸಲ ಬಂದಾಗ ಮುಖದಲ್ಲಿ ನಗು ಇತ್ತು. ಹುಡುಗನ ತಾಯಿ ಹಂಪಮ್ಮ ಮಾತ್ರ ಬಾಗಿಲಿಗೆ ಬರುವ ಮೊದಲೇ ಆಕೆಯ ಸೆಂಟು ಪಡಸಾಲೆಗೆ ಬಂದು ಕುಳಿತಿರುತ್ತದೆ. ದುಬೈಯಲ್ಲಿರುವ ಆಕೆಯ ತಮ್ಮ ಕಳಿಸುವ ಬಾಟಲಿಯಂತೆ. ನಿಜ ಹೇಳಬೇಕೆಂದರೆ ಆಕೆಯ ಮೈಗೆ ಅದು ಚೆನ್ನಾಗಿಯೇ ಒಪ್ಪುತ್ತಿತ್ತು. ಹೆಣ್ಣು ಒಪ್ಪಿದ ದಿನ ಅಂಥದೇ ಒಂದು ಬಾಟಲಿ ಪೂಜಿತಾಳ ಕೈಗೆ ಕೊಟ್ಟು, ತಮ್ಮ ಮನೆಯವರೆಲ್ಲ ಇದನ್ನೇ ಹಾಕಿಕೊಳ್ಳುವುದು, ನಿಶ್ಚಯದ ದಿನ ನೀನೂ ಇದನ್ನೇ ಹಾಕಿಕೊಳ್ಳಬೇಕು ಎಂದರು. ಸೀರೆ ಕೊಟ್ಟ ಹಾಗೆ, ಬಳೆ ಕೊಟ್ಟ ಹಾಗೆ. ಸೀರೆಯನ್ನು ಯಾರಾದರೂ ಉಡಬಹುದು. ಸೆಂಟು ಹಾಗಲ್ಲ ಎಂದು ಯಾರು ಹೇಳಬೇಕು ಆ ಮಹಾತಾಯಿಗೆ.

ಮರುದಿನವೇ ಪೂಜಿತಾಳನ್ನು ಅಂಗಡಿಗೆ ಕರೆಸಿ ಮಣಿಕಟ್ಟಿಗೆ ಹಚ್ಚಿ ನೋಡಿದೆ. ಮೊದಲು ಗುಲಾಬಿ, ಆಮೇಲೆ ಏನೋ ಕಸ್ತೂರಿ. ಇಪ್ಪತ್ತು ನಿಮಿಷ ಕಳೆದ ಮೇಲೆ ಹುಳಿ ವಾಸನೆ ಎದ್ದಿತು, ನೆನೆದು ಮುಗ್ಗಿದ ಭತ್ತದ ವಾಸನೆ. ಸೋಪಿನಲ್ಲಿ ತೊಳೆದು ಇನ್ನೊಂದು ಕೈಗೆ ಹಚ್ಚಿದೆ. ಅದೇ ವಾಸನೆ. ಪೂಜಿತಾ ನಕ್ಕು, ಎರಡು ಸ್ಯಾಂಪಲ್, ಒಂದೇ ರಿಸಲ್ಟ್ ಎಂದಳು. ಆಗ ನಗಬಹುದಿತ್ತು.

ತಮ್ಮನಿಗೆ ಹೇಳಿದೆ, ಬೀಗರಿಗೆ ಮುಂಚೆಯೇ ಒಂದು ಮಾತು ತಿಳಿಸು, ಹುಡುಗಿಯ ಚರ್ಮಕ್ಕೆ ಇದು ಆಗಿಬರುವುದಿಲ್ಲ ಎಂದು. ಮರುಳಸಿದ್ದಪ್ಪ ಅಂಗಲಾಚಿದ. ಕೊಟ್ಟ ವಸ್ತುವಿಗೆ ಕೊಂಕು ತೆಗೆದರೆ ಏನೆಂದುಕೊಳ್ಳುತ್ತಾರೆ, ಆ ದಿನ ಬಾಟಲಿ ಮನೆಯಲ್ಲೇ ಮರೆತುಬಂದೆವು ಎಂದರಾಯಿತು, ನೀನು ಬಾಯಿ ಬಿಡಬೇಡ ಅಕ್ಕ ಎಂದ. ಬಾಯಿ ಬಿಡುವುದು ನನ್ನ ಹುಟ್ಟುಗುಣ. ಆದರೂ ತಾಯಿಯಿಲ್ಲದ ಮಗಳ ಮದುವೆ, ತಮ್ಮನ ಮುಖ ನೋಡಿ ಹ್ಞೂಂ ಎಂದೆ.

ನಿಶ್ಚಯ ಏಪ್ರಿಲ್ ತಿಂಗಳಲ್ಲಿ, ಹೊಸಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ. ಹೊರಗೆ ಬೆಂಕಿ ಬಿಸಿಲು, ಒಳಗೆ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಐದಾರು ಮುತ್ತೈದೆಯರು ಪೂಜಿತಾಳ ಕೆನ್ನೆಗೆ, ತೋಳಿಗೆ ಅರಿಶಿನ ಎಣ್ಣೆ ಹಚ್ಚಿದರು, ಕುತ್ತಿಗೆಗೆ ಗಂಧ ಸವರಿದರು, ಹಣೆಗೆ ವಿಭೂತಿ ಕುಂಕುಮ ಆಯಿತು. ಉಡಿ ತುಂಬಿದರು. ಇನ್ನು ಉಳಿದದ್ದು ಪನ್ನೀರು ಚಿಮುಕಿಸುವುದು. ನಮ್ಮ ಕಡೆಯ ಬೆಳ್ಳಿ ಪನ್ನೀರುದಾನಿಯಲ್ಲಿ ಬೆಳಿಗ್ಗೆ ನಾನೇ ಪನ್ನೀರು ತುಂಬಿಟ್ಟಿದ್ದೆ.

ಬಾಟಲಿ ಮನೆಯಲ್ಲೇ ಉಳಿಯಿತು ಎಂದು ಮರುಳಸಿದ್ದಪ್ಪ ಹೇಳಿದ್ದೇ ತಡ, ಹಂಪಮ್ಮ ತಮ್ಮ ಚೀಲದಿಂದ ಹೊಸ ಬಾಟಲಿ ತೆಗೆದರು. ಪನ್ನೀರು ಯಾರಿಗೆ ಬೇಕು ಈ ಕಾಲದಲ್ಲಿ ಎಂದರು. ನಾನು ತುಂಬಿದ್ದನ್ನು ಬಾಳೆಕಂಬದ ಬುಡಕ್ಕೆ ಸುರಿಸಿದರು. ಡ್ರೈವರನ್ನು ಕರೆಸಿ ಇಕ್ಕಳದಿಂದ ಬಾಟಲಿಯ ಮೂತಿ ಕೀಳಿಸಿ, ಅಷ್ಟೂ ಸೆಂಟನ್ನು ಪನ್ನೀರುದಾನಿಗೆ ಬಗ್ಗಿಸಿದರು. ಒಂದು ಹನಿ ಹೆಚ್ಚಾದರೆ ತಲೆನೋವು ಬರುವ ಪದಾರ್ಥ. ಅದನ್ನು ಎಣ್ಣೆ, ಅರಿಶಿನ, ಬೆವರು ಎಲ್ಲ ಕೂಡಿದ ಮೈಮೇಲೆ ಪನ್ನೀರಿನಂತೆ ಚಿಮುಕಿಸುವುದೆಂದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಆ ಮಂಟಪದಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾನು ಎದ್ದೆ. ತಮ್ಮ ವೇದಿಕೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದ, ಯಾರಿಗೂ ಕಾಣದಂತೆ ಎದೆಯ ಹತ್ತಿರ ಕೈ ಜೋಡಿಸಿದ. ನಾನು ಕುಳಿತುಕೊಂಡೆ.

ಹಂಪಮ್ಮ ಹುಡುಗಿಯ ತಲೆ, ಕುತ್ತಿಗೆ, ತೋಳು ಒಂದನ್ನೂ ಬಿಡಲಿಲ್ಲ. ಉಂಗುರ ಬದಲಾಯಿಸಿದರು, ಫೋಟೊ ತೆಗೆದರು. ಅರ್ಧ ಗಂಟೆಯೊಳಗೆ ವೇದಿಕೆಯ ಸುತ್ತ ನಿಂತವರು ಒಬ್ಬೊಬ್ಬರೇ ಹಿಂದೆ ಸರಿಯತೊಡಗಿದರು. ಕಂಪ್ಲಿಯ ಹೆಂಗಸೊಬ್ಬಳು ಸೆರಗನ್ನು ಮೂಗಿಗೆ ಹಿಡಿದು, ಮಿಲ್ಲಿನ ಭತ್ತ ನೆನೆಸುವ ತೊಟ್ಟಿಯ ವಾಸನೆ ಬರುತ್ತಿದೆಯಲ್ಲ ಎಂದಳು. ಹತ್ತು ಜನಕ್ಕೆ ಕೇಳಿಸುವ ಹಾಗೆ ಹೇಳಿದಳು.

ಊಟದ ಹೊತ್ತಿಗೆ ಪೂಜಿತಾ ಕಾಣಲಿಲ್ಲ. ಹುಡುಕಿಕೊಂಡು ಹೆಣ್ಣಿನ ಕೋಣೆಗೆ ಹೋದರೆ ಬಾಗಿಲು ಅರೆತೆರೆದಿತ್ತು. ಒಳಗೆ ಹಂಪಮ್ಮ, ಅವರ ಕಡೆಯ ಇನ್ನಿಬ್ಬರು ಹೆಂಗಸರು. ಒಬ್ಬಳು ನಮ್ಮ ಹುಡುಗಿಯ ತೋಳನ್ನು ಮೇಲಕ್ಕೆತ್ತಿ ಹಿಡಿದಿದ್ದಳು, ಇನ್ನೊಬ್ಬಳು ಬಗ್ಗಿ ಕಂಕುಳು ಮೂಸುತ್ತಿದ್ದಳು. ಸಂತೆಯಲ್ಲಿ ಎಮ್ಮೆ ಕೊಳ್ಳುವವರೂ ಹಲ್ಲು ನೋಡುತ್ತಾರೆ, ಕಂಕುಳು ಮೂಸುವುದಿಲ್ಲ. ಪೂಜಿತಾ ಗೋಡೆ ನೋಡುತ್ತ ನಿಂತಿದ್ದಳು. ಅಳುತ್ತಿರಲಿಲ್ಲ. ಆ ಹೆಂಗಸಿನ ಕೈ ಕಿತ್ತು ಹಾಕಿದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಹಂಪಮ್ಮ ಮಾತ್ರ ಶಾಂತವಾಗಿದ್ದರು. ಮನೆಗೆ ಬರುವ ಸೊಸೆ, ನೋಡಿಕೊಂಡರೆ ತಪ್ಪೇನು ಎಂದರು.

ನಾಲ್ಕು ದಿನದ ಮೇಲೆ ಹಂಪಮ್ಮ ಮಗನನ್ನು ಕರೆದುಕೊಂಡು ಚಿತ್ತವಾಡ್ಗಿಯ ಮನೆಗೇ ಬಂದರು. ಅಂಗಡಿಯ ಬಾಗಿಲು ಹಾಕಿ ನಾನೂ ಓಡಿದೆ. ಸುತ್ತುಬಳಸಿ ಅವರು ಹೇಳಿದ್ದಿಷ್ಟು: ಸಂಬಂಧ ಬಿಡುವ ಮನಸ್ಸಿಲ್ಲ, ಆದರೆ ಊರಲ್ಲಿ ಮಾತಾಗಿದೆ.

"ಚರ್ಮದ ಡಾಕ್ಟ್ರ ಕಡಿಂದ ಒಂದು ಚೀಟಿ ಬರಸ್ಕೊಂಡು ಬರ್ರಿ. ಹುಡುಗಿ ಮೈಯಾಗ ಏನೂ ದೋಷ ಇಲ್ಲ ಅಂತ ಇದ್ರ ಸಾಕು. ನಮಗೂ ನಾಕು ಮಂದಿಗೆ ತೋರ್ಸಾಕ ಬೇಕಲ್ರಿ."

ನಾನು ತಮ್ಮನ ಮುಖ ನೋಡಿದೆ. ಎದ್ದು ನಿಂತು ಇವರನ್ನು ಹೊರಗೆ ಕಳಿಸುತ್ತಾನೆ ಎಂದುಕೊಂಡಿದ್ದೆ. ಅವನು ಬರುವ ಸೋಮವಾರವೇ ಬಳ್ಳಾರಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದ. ಪೂಜಿತಾ ಟೀ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅಪ್ಪನ ಮಾತು ಕೇಳಿ ತಟ್ಟೆಯನ್ನು ಕೆಳಗಿಟ್ಟಳು. ಇಪ್ಪತ್ತಾರು ವರ್ಷದ ಹುಡುಗಿ, ಟನ್ನುಗಟ್ಟಲೆ ಅದಿರಿಗೆ ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಸಹಿ ಹಾಕುವವಳು. ಅವಳ ಮೈಗೆ ಇನ್ನೊಬ್ಬರ ಸಹಿ ಬೇಕಂತೆ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಹಂಪಮ್ಮನವರೇ, ನಿಮ್ಮ ಚೀಲದ ಬಾಟಲಿ ತೆಗೆಯಿರಿ ಎಂದೆ. ಇಲ್ಲೇ, ಎಲ್ಲರ ಕಣ್ಣೆದುರು ಪರೀಕ್ಷೆ ಆಗಲಿ ಎಂದೆ. ಹಂಪಮ್ಮ ಒಪ್ಪಿದರು, ಆಕೆಗೆ ತಮ್ಮ ಬಾಟಲಿಯ ಮೇಲೆ ಅಷ್ಟು ಭರವಸೆ. ಆಕೆಯ ಮಣಿಕಟ್ಟಿಗೆ ಒಂದು ಹನಿ ಹಚ್ಚಿದೆ, ನನ್ನದಕ್ಕೆ ಒಂದು, ಪೂಜಿತಾಳದಕ್ಕೆ ಒಂದು. ಈಶ್ವರನ ಹತ್ತಿರ ಹೋದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

ಬೇಡ ಎಂದ. ಗಂಡಸರಿಗೆ ಯಾಕೆ ಈ ಪರೀಕ್ಷೆಯೆಲ್ಲ ಎಂದು ಹಂಪಮ್ಮ ಅಡ್ಡ ಬಂದರು. ನಾನು ಬಿಡದೆ ಕೈ ಚಾಚಿಯೇ ನಿಂತೆ. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಪೂಜಿತಾ ಹತ್ತಿರ ಬಂದು ಅವನನ್ನೇ ಕೇಳಿದಳು.

"ಯಾಕ ಬ್ಯಾಡ್ರಿ?"

ಈಶ್ವರ್ ತಾಯಿಯ ಕಡೆ ನೋಡಿದ, ನೆಲ ನೋಡಿದ. ಸುಳ್ಳು ಹೇಳುವವನಲ್ಲ ಅವನು, ಅಷ್ಟು ಮಟ್ಟಿಗೆ ಒಳ್ಳೆಯವನೇ.

"ನನಗ ಆಗಿ ಬರಂಗಿಲ್ರಿ ಇದು. ನನ್ನ ಮೈ ಮ್ಯಾಲೂ ಹಂಗ ಹುಳಿ ವಾಸ್ನಿ ಬರ್ತೈತಿ. ಅವ್ವ ಕೊಟ್ಟಿದ್ದ ಬಾಟ್ಲಿ ಡ್ರೈವರ್‌ಗೆ ಕೊಟ್ಟುಬಿಟ್ಟಿದ್ದೆ."

ಹಂಪಮ್ಮ ಮಗನನ್ನು ಕಣ್ಣು ಬಿಟ್ಟು ನೋಡಿದರು. ಆ ಬಾಟಲಿ ಕೆಟ್ಟಿರಬೇಕು ಎಂದು ಶುರು ಮಾಡಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ನನಗಂತೂ ಎದ್ದು ಕುಣಿಯುವಷ್ಟು ಸಂತೋಷ. ಗೆದ್ದೆವು ಎಂದುಕೊಂಡೆ. ಮೊದಲು ಮಗನನ್ನು ಕರೆದುಕೊಂಡು ಹೋಗಿ ಚೀಟಿ ಬರೆಸಿಕೊಂಡು ಬನ್ನಿ ಎಂದು ಹೇಳಲು ಬಾಯಿ ತೆರೆದಿದ್ದೆ. ಪೂಜಿತಾ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು. ಅವಳ ಕಣ್ಣು ಈಶ್ವರನ ಮೇಲಿಂದ ಸರಿದಿರಲಿಲ್ಲ. ಇದು ಯಾವಾಗಿನಿಂದ ಗೊತ್ತು ಎಂದು ಕೇಳಿದಳು. ಮೂರು ವರ್ಷದಿಂದ ಎಂದ.

"ಅವತ್ತ ನನ್ನ ತೋಳ ಎತ್ತಿ ಮೂಸಿದ್ರಲ್ಲ, ಆವಾಗ ನೀವು ಎಲ್ಲಿದ್ರಿ?"

"ಬಾಗಲ ಹೊರಗ ಇದ್ದೆ." ಅವನು ಹಣೆಯ ಬೆವರು ಒರೆಸಿಕೊಂಡ. "ಅಷ್ಟು ಮಂದಿ ಮುಂದ ಅವ್ವಗ ಅವಮಾನ ಆಗ್ತೈತಿ ಅಂತ ಸುಮ್ನಾದೆ. ಆಮ್ಯಾಲೆ ನಿಮಗ ಹೇಳೋಣ ಅಂತಿದ್ದೆ."

ಪೂಜಿತಾ ತಲೆಯಾಡಿಸಿದಳು, ಲೆಕ್ಕ ಸರಿಬಂತು ಅನ್ನುವ ಹಾಗೆ. ಬೆರಳಿನಿಂದ ಉಂಗುರ ತೆಗೆದು ಅವನ ಮುಂದಿನ ಎಲೆ ಅಡಿಕೆ ತಟ್ಟೆಯಲ್ಲಿಟ್ಟಳು. ಮರುಳಸಿದ್ದಪ್ಪ ಎದ್ದು ಏನೋ ಹೇಳಲು ಹೋದ, ಕೂಡು ಅಪ್ಪ ಎಂದಳು. ಅವನು ಕುಳಿತ. ಹಂಪಮ್ಮ ಬಾಯಿಗೆ ಬಂದದ್ದನ್ನು ಆಡಿಕೊಂಡು ಹೊರಟರು. ಈಶ್ವರ್ ಬಾಗಿಲಲ್ಲಿ ಒಮ್ಮೆ ನಿಂತ, ತಾಯಿ ಕರೆದದ್ದೇ ಹೋದ. ಕಾರು ಚಿತ್ತವಾಡ್ಗಿಯ ಓಣಿ ದಾಟುವತನಕ ನಾನು ಕಟ್ಟೆಯ ಮೇಲೆ ನಿಂತು ನೋಡಿದೆ.

ಒಳಗೆ ಬಂದು ಅವಳನ್ನು ತಬ್ಬಿಕೊಳ್ಳಲು ಹೋದೆ. ಭೇಷ್ ಮಗಳೇ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತ ಗಂಡಸಿನ ಜೊತೆ ಬಾಳುವೆಯೇ, ಥೂ ಅವನ ಜನ್ಮಕ್ಕೆ ಎಂದೆ. ಇನ್ನೂ ಏನೇನೋ ಅಂದೆ, ಸಿಟ್ಟು ಬಂದರೆ ನನಗೆ ಮಾತಿಗೆ ಬರವಿಲ್ಲ. ಪೂಜಿತಾ ನನ್ನ ಕೈಯನ್ನು ಮೆಲ್ಲಗೆ ತನ್ನ ಭುಜದಿಂದ ಇಳಿಸಿದಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ.

"ನಿನಗೂ ಗೊತ್ತಿತ್ತಲ್ಲ ಅತ್ತಿ. ಅಂಗಡ್ಯಾಗ ಎರಡೂ ಕೈಗೆ ನೀನ ಹಚ್ಚಿ ನೋಡಿದ್ದಿ. ಪನ್ನೀರುದಾನಿಗೆ ಹಾಕುವಾಗ ಎದ್ದಿ, ಮತ್ತ ಕುಂತಿ. ನಾನು ನಿನ್ನ ನೋಡಾಕತ್ತಿದ್ದೆ."

ನಿಮ್ಮಪ್ಪ ಕೈ ಮುಗಿದಿದ್ದ, ಶುಭಕಾರ್ಯ, ಅಷ್ಟು ಜನರ ಮುಂದೆ ಅವನಿಗೆ ಅವಮಾನ ಆಗುತ್ತದೆ ಎಂದು ಸುಮ್ಮನಾದೆ ಎಂದೆ. ಅರ್ಧ ಹೇಳುವಷ್ಟರಲ್ಲಿ ಅದು ಈಶ್ವರ್ ಆಡಿದ್ದ ಮಾತೇ ಎಂದು ನನ್ನ ಕಿವಿಗೇ ಕೇಳಿಸಿತು. ಪೂಜಿತಾ ಯಾರೂ ಕುಡಿಯದ ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನ್ನ ತಮ್ಮ ಒಂದು ಕಡೆ ತಲೆ ತಗ್ಗಿಸಿ ಕುಳಿತಿದ್ದ, ನಾನು ಇನ್ನೊಂದು ಕಡೆ ಕುಳಿತೆ.