ಕೊಬ್ಬಿಲ್ಲದ ತಟ್ಟೆ

ಕೆಂಪು, ಎಷ್ಟೊಂದು ಕೆಂಪು, ಸೂಕ್ಷ್ಮದರ್ಶಕದ ತಿರುಪನ್ನು ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ಮಸುಕು ಕರಗಿ ಒಂದೊಂದೇ ಹನಿ ಮೇಲೆದ್ದು ಬರುತ್ತದೆ, ಕೋಶದ ಹೊಟ್ಟೆಯಲ್ಲಿ ಯಾರೋ ದಾಳಿಂಬೆ ಬಿಡಿಸಿಟ್ಟ ಹಾಗೆ, ಇದೆಲ್ಲ ಕೊಬ್ಬು, ಕೊಬ್ಬಿದ್ದಲ್ಲಿ ಮಾತ್ರ ಹಿಡಿಯುವ ಈ ಬಣ್ಣವನ್ನು ನಿನ್ನೆ ಸಂಜೆ ಹಾಕಿದವಳು ನಾನೇ, ಆದರೆ ಇಲ್ಲಿ ಕೊಬ್ಬು ಇರಬಾರದಿತ್ತು, ಈ ಕೋಶಗಳೇ ಇರಬಾರದಿತ್ತು, ನನ್ನ ಔಷಧ ಬಿದ್ದ ನಾಲ್ಕು ದಿನಕ್ಕೆ ಇವು ಮುದುರಿ, ನಾನು ಬೆಳೆಸುವ ತಟ್ಟೆಯಿಂದ ಕಳಚಿ ತೇಲಬೇಕಿತ್ತು, ಎಂಟು ತಿಂಗಳಿಂದ ಪ್ರತಿ ಸಲವೂ ತೇಲಿದ್ದವು — ಎಷ್ಟು ಸೊಗಸಾಗಿ ಸಾಯುತ್ತಿದ್ದವು, ನೋಡುತ್ತ ನನಗೆ ಜಂಬ ಬರುತ್ತಿತ್ತು. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶ ತನ್ನ ಕೊಬ್ಬನ್ನು ತಾನೇ ಬೇಯಿಸಿಕೊಳ್ಳುತ್ತದೆ, ಅದರಿಂದಲೇ ಹೊಸ ಕೋಶಕ್ಕೆ ಪೊರೆ ಕಟ್ಟುತ್ತದೆ, ಅದನ್ನೇ ಉರಿಸಿ ಬದುಕುತ್ತದೆ, ನನ್ನ ಔಷಧ ಆ ಒಲೆಯನ್ನು ಆರಿಸುತ್ತದೆ, ಅಷ್ಟೇ ಕಥೆ, ಅಪ್ಪನಿಗೂ ಹೀಗೇ ಹೇಳಿದ್ದೆ, ಒಲೆ ಆರಿಸ್ತೀವಿ ಅಪ್ಪ, ಅವು ಹಸಿದು ಸಾಯ್ತವೆ. ಕೆಳಗೆ ಟ್ರಾಮ್ ಹೋಯಿತು, ಮೇಜು ನಡುಗಿತು, ಹನಿಗಳೂ ನಡುಗಿದವು, ಮತ್ತೆ ನಿಂತವು.

ನಮ್ಮೂರು ಪೋರ್ಟ್ ಲಿಂಕನ್ನಿನ ಸಮುದ್ರವೂ ಹೀಗೇ ನಿಲ್ಲುತ್ತಿತ್ತು, ಅಪ್ಪ ಹೆಪ್ಪುಗಟ್ಟಿದ ಸಾರ್ಡೀನ್ ಮೀನಿನ ಗಟ್ಟಿಗಳನ್ನು ಟ್ಯೂನಾ ಸಾಕುವ ಬಲೆಯ ಒಳಕ್ಕೆ ಇಳಿಸಿದಾಗ ಮೊದಲು ನೀರು ಕುದಿಯುತ್ತಿತ್ತು, ಟ್ಯೂನಾಗಳ ಬೆನ್ನು, ನೀಲಿ, ಬೆಳ್ಳಿ, ಆಮೇಲೆ ಎಲ್ಲ ತಣ್ಣಗಾಗಿ ನೀರಿನ ಮೇಲೆ ಎಣ್ಣೆ ಹರಡಿ ಅಲೆಗಳು ಮಲಗುತ್ತಿದ್ದವು, ಏಳು ವರ್ಷದ ನಾನು ದೋಣಿಯ ಅಂಚಿಗೆ ಗಲ್ಲ ಇಟ್ಟು ಆ ಎಣ್ಣೆಯ ಬಣ್ಣಗಳಲ್ಲಿ ನಿದ್ದೆ ಹೋಗುತ್ತಿದ್ದೆ, ನೆವೆಂಕಾ, ಮುಖಕ್ಕೆ ಮೀನು ಬಡಿದೀತು, ಏಳು ಎಂದು ಅಪ್ಪ ಗದರುತ್ತಿದ್ದ, ಕ್ರೊಯೇಷಿಯಾದ ದಾಲ್ಮೇಶಿಯಾ ಕರಾವಳಿಯಿಂದ ಬರಿಗೈಯಲ್ಲಿ ಬಂದ ನನ್ನಪ್ಪ ಫ್ರಾನೆ, ಮೀನನ್ನು ಕೊಬ್ಬಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಟ್ಯೂನಾದ ಬಾಲದ ಹತ್ತಿರ ಒಂದು ಬಿಲ್ಲೆ ಕುಯ್ದು ಬೆಳಕಿಗೆ ಹಿಡಿದರೆ ಸಾಕು, ಬಿಳಿ ಗೆರೆ ನೋಡಿ ಯಾವ ವಾರ ಮೇವು ಕಮ್ಮಿಯಾಯಿತೆಂದು ಹೇಳುತ್ತಾನೆ. ಮತ್ತೆ ಈ ಕೆಂಪು. ಅಂಥವನಿಗೂ ಇದೇ ಕ್ಯಾನ್ಸರ್ ಬಂತು, ಡಾಕ್ಟರು ಗಂಡು ಹಾರ್ಮೋನು ತಡೆಯುವ ಇಂಜೆಕ್ಷನ್ ಶುರು ಮಾಡೋಣ ಎಂದಾಗ ಅವನು ಒಪ್ಪಲಿಲ್ಲ, ಅದು ಚುಚ್ಚಿಸಿಕೊಂಡರೆ ಹಗ್ಗ ಎಳೆಯಲೂ ಕಸುವಿರದು, ನನ್ನ ಮಗಳ ಔಷಧ ಬರುತ್ತೆ ಎಂದು ಕ್ರೊಯೇಷಿಯನ್ ಕ್ಲಬ್ಬಿನಲ್ಲೆಲ್ಲ ಹೇಳಿಕೊಂಡು ತಿರುಗಿದ, ಅದು ಅವನ ತಪ್ಪಲ್ಲ, ಫೆಬ್ರವರಿಯಲ್ಲಿ ಅವನು ಕೇಳಿದ್ದ, ಕಾಯಲಾ ಮಗಳೇ, ಕಾಯಿ ಅಪ್ಪ ಅಂದವಳು ನಾನು. ನಾನು. ಮನುಷ್ಯರ ಮೇಲೆ ಒಂದು ತೊಟ್ಟೂ ಪ್ರಯೋಗವಾಗದ ಔಷಧಕ್ಕೆ ಕಾಯಿ ಅಂದೆ, ಹುಟ್ಟಿದಾಗಿನಿಂದ ಮೊದಲ ಸಲ ಅಪ್ಪ ನನ್ನನ್ನು ಏನಾದರೂ ಕೇಳಿದ್ದ, ಆ ಸುಖಕ್ಕೆ ಬಾಯಿ ತೆರೆದುಬಿಟ್ಟೆ, ಎರಡು ಸಲ ಅಪಾಯಿಂಟ್‌ಮೆಂಟ್ ತಪ್ಪಿಸಿದ, ಇನ್ನು ತಡ ಮಾಡಿದರೆ ಬೆನ್ನುಮೂಳೆಗೆ ಇಳಿಯುತ್ತದೆ ಎಂದಿದ್ದಾರೆ, ಮೂರನೆಯದು ಇವತ್ತು, ಹತ್ತು ಗಂಟೆಗೆ, ಈಗ ಒಂಬತ್ತೂ ನಲವತ್ತು.

ಹೋದ ಭಾನುವಾರ ಫೋನಿನಲ್ಲಿ ಸುಮ್ಮನೆ ಕೇಳಿದ್ದ, ನಿನ್ನ ಕೋಶಗಳಿಗೆ ಏನು ಮೇವು ಹಾಕ್ತೀಯ, ನಾನು ಹೆಮ್ಮೆಯಿಂದಲೇ ಹೇಳಿದೆ, ಕರುವಿನ ರಕ್ತದಿಂದ ತೆಗೆದ ಸೀರಮ್, ಆದರೆ ಅದರ ಕೊಬ್ಬನ್ನೆಲ್ಲ ಇದ್ದಿಲು ಹಾಕಿ ತೆಗೆದಿರುತ್ತೇವೆ, ಆಗ ಅವು ತಾವೇ ಬೇಯಿಸಿಕೊಳ್ಳಬೇಕು, ಒಲೆ ಆರಿದ್ದು ಸ್ಪಷ್ಟವಾಗಿ ಕಾಣುತ್ತದೆ, ನಮ್ಮ ಲ್ಯಾಬಿನ ಮುಖ್ಯಸ್ಥೆ ಗ್ವೆನ್ ಕಲಿಸಿದ ಕ್ರಮ, ಎಲ್ಲರೂ ಹೀಗೇ ಮಾಡುತ್ತಾರೆ. ಅಪ್ಪ ನಕ್ಕ, ಅಲ್ಲ ಕಣೇ, ಊಟಾನೇ ಹಾಕ್ದೆ ಸತ್ರೆ ಔಷಧಿಗ್ಯಾಕೆ ಹೆಸರು, ನನ್ ಟ್ಯೂನಾ ಎಲ್ಲಿ ಕೊಬ್ಬು ಬೇಯಿಸ್ಕೊಳ್ಳುತ್ತೆ, ನಾನ್ ಹಾಕಿದ್ ಸಾರ್ಡೀನಿಂದು ಎತ್ತಿಟ್ಕೊಳ್ಳುತ್ತೆ, ನನ್ ಮೈಯೇನು ಉಪವಾಸ ಇದ್ಯಾ, ನಲವತ್ ವರ್ಷ ನಿಮ್ಮಮ್ಮನ ಅಡುಗೆ ತಿಂದಿರೋದು. ತಮಾಷೆಗೆ ಅಂದದ್ದು, ಪಾಪ, ನನಗೆ ಮೈಯೆಲ್ಲ ಉರಿಯಿತು, ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡಪ್ಪ ಎಂದು ಫೋನ್ ಇಟ್ಟೆ, ಆದರೆ ಸೋಮವಾರ ಬೆಳಿಗ್ಗೆ ಯಾರಿಗೂ ಹೇಳದೆ ಕೊಬ್ಬು ತೆಗೆಯದ ಸೀರಮನ್ನೇ ಸುರಿದೆ, ಅದೇ ಕೋಶ, ಅದೇ ಔಷಧ, ಒಲೆ ಆರಿದರೆ ಏನಂತೆ, ಪಕ್ಕದ ಮನೆಯಿಂದ ತಂದು ಉಣ್ಣುವ ಹಾಗೆ ಇವು ಹೊರಗಿನ ಕೊಬ್ಬನ್ನು ಎಳೆದುಕೊಂಡಿವೆ, ಹನಿಹನಿಯಾಗಿ ಕೂಡಿಟ್ಟಿವೆ, ದುಂಡಗೆ, ಕೆಂಪಗೆ, ತೃಪ್ತಿಯಾಗಿ, ನೋಡಲು ಚೆಂದವೇ ಇವೆ, ಅದೇ ಕಷ್ಟ.

ಫೋನು, ಅಪ್ಪನೇ, ಹಿಂದೆ ಗಾಳಿಯ ಸದ್ದು, ಕ್ಲಿನಿಕ್ಕಿನ ಮುಂದೆ ಗಾಡಿಯಲ್ಲೇ ಕೂತಿದ್ದೀನಿ ಅನ್ನುತ್ತಾನೆ, ಒಳಗೆ ಹೋಗ್ಲಾ ಇಲ್ಲ ಇನ್ನೊಂದು ಸ್ವಲ್ಪ ಕಾಯ್ಲಾ, ನೀನು ಹೇಳಿದ ಹಾಗೆ, ನನ್ನ ಕಣ್ಣು ಇನ್ನೂ ಗಾಜಿಗೆ ಅಂಟಿಕೊಂಡೇ ಇದೆ, ಇನ್ನೊಂದು ಸಲ ಮಾಡಿ ನೋಡಬೇಕು ಅನ್ನಬಹುದು, ಗ್ವೆನ್ನನ್ನು ಕೇಳಿ ಹೇಳುತ್ತೇನೆ ಅನ್ನಬಹುದು, ಅಂದರೆ ಅವನು ಗಾಡಿ ತಿರುಗಿಸಿಕೊಂಡು ದೋಣಿಕಟ್ಟೆಗೆ ಹೋಗುತ್ತಾನೆ, ಖುಷಿಯಾಗಿಯೇ ಹೋಗುತ್ತಾನೆ. ಹೋಗಿ ಚುಚ್ಚಿಸ್ಕೊ ಅಪ್ಪ, ನನ್ನ ಔಷಧ ಕೆಲಸ ಮಾಡಲ್ಲ, ಕಾಯಿ ಅಂದದ್ದು ನನ್ನ ತಪ್ಪು, ಅಂದೇಬಿಟ್ಟೆ. ಗಾಳಿ. ಬೈಯಲಿ, ಒಂದು ಸಲ ಬೈದರೆ ಸಾಕು, ಬಾಗಿಲು ತೆರೆದ ಸದ್ದು, ಕೆಮ್ಮು, ಸರಿ ಹೋಗ್ತೀನಿ ಬಿಡು, ಆಮೇಲೆ, ಬೆಳಗ್ಗೆಯಿಂದ ಏನಾದ್ರೂ ತಿಂದ್ಯಾ ಮಗಳೇ — ಇಲ್ಲ ಅನ್ನಬೇಕು, ಗಾಜೊಳಗೆ ಹನಿಗಳು, ಕೆಂಪು, ಒಂದಕ್ಕೊಂದು ಅಂಟಿ, ತುಂಬಿ, ಕೆಂಪು