ಮಲಗುವ ಚೀಲದ ಬಾಯಿ

ದಬ್ಬಣ ಗದ್ದದ ಹತ್ತಿರ ಬಂದಾಗ ಇನಾಯತ ಕೊನೆಗೂ ಮಾತಾಡಿದ.

“ಮಾಮಾ, ಇನ್ನ ಸಾಕ್ರಿ.”

“ಅಳ್ಳಾಡಬ್ಯಾಡ. ಹೊಲಿಗಿ ಸೊಟ್ಟ ಆಗತೈತಿ.”

“ಕುತ್ತಿಗಿತನಾ ಬಂತ್ರಿ.”

“ಕುತ್ತಿಗಿತನಾನ ಹೊಲಿಯೂದು. ತಲಿ ಹೊರಗ ಬಿಡತೇನಿ. ಅಷ್ಟೂ ತಿಳಿಯಂಗಿಲ್ಲೇನು ನನಗ?”

ಜಂಗ್ಲಿಸಾಬ ದಾರ ಎಳೆದು, ಗಂಟು ಹಾಕಿ, ಸೋದರಳಿಯನ ಕಿವಿಯ ಪಕ್ಕದಲ್ಲೇ ಬಗ್ಗಿ ಹಲ್ಲಿನಿಂದ ಕಡಿದ. ಆಮೇಲೆ ಹಿಂದೆ ಸರಿದು ತನ್ನ ಕೆಲಸವನ್ನು ನೋಡಿದ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಆ ಗಾದಿ ಅಂಗಡಿಯಲ್ಲಿ, ನೆಲದ ಮೇಲೆ, ಕೆಂಪು ಪಟ್ಟೆಯ ಬಟ್ಟೆಯ ಉದ್ದನೆಯ ಉಬ್ಬೊಂದು ಬಿದ್ದಿತ್ತು. ಅದರ ಒಂದು ತುದಿಗೆ ಇನಾಯತನ ಮುಖ. ಹತ್ತಿಕಾಯಿಯೊಳಗಿನ ಹುಳ ತಲೆಯಷ್ಟೇ ಹೊರಹಾಕಿ, ಹೊಲದ ಯಜಮಾನ ಬಂದನೇನೋ ಎಂದು ನೋಡುತ್ತಿರುವಂತಿತ್ತು.

“ಹ್ಯಾಂಗ ಅನಸತೈತಿ?”

“ಸೆಕಿ ಆಗಾಕತ್ತೈತ್ರಿ.”

“ಅದ ಬೇಕಿತ್ತು,” ಎಂದ ಜಂಗ್ಲಿಸಾಬ, ಮೀಸೆಗೆ ಅಂಟಿದ ಹತ್ತಿಯನ್ನು ಕೊಡವಿಕೊಂಡು.

ಇನಾಯತ ಗುಡ್ಡದ ಮೇಲಿನ ಗಾಳಿಯಂತ್ರಗಳ ಮೆಕ್ಯಾನಿಕ್. ಊರವರು ಆ ಯಂತ್ರಗಳನ್ನು ಫ್ಯಾನು ಎನ್ನುತ್ತಿದ್ದರು. ಅಷ್ಟು ದೊಡ್ಡ ಫ್ಯಾನು ಹಾಕಿದರೂ ಊರಿನ ಬಿಸಿಲು ಒಂದಿಷ್ಟೂ ಕಡಿಮೆಯಾಗಲಿಲ್ಲ ಎಂಬ ದೂರೂ ಅವರಿಗಿತ್ತು. ಕಂಪನಿಯವರು ಚೆನ್ನಾಗಿ ಕೆಲಸ ಮಾಡಿದವರನ್ನು ಪ್ರತಿ ಚಳಿಗಾಲ ನಾರ್ವೆ ಎಂಬ ದೇಶಕ್ಕೆ ಕರೆದೊಯ್ದು, ಕಾಡಿನ ನಡುವೆ, ಹಿಮದ ಮೇಲೆ ಡೇರೆ ಹಾಕಿ ಮಲಗಿಸುತ್ತಿದ್ದರು. ಈ ಸಲ ಇನಾಯತನ ಪಾಳಿ. ಸುದ್ದಿ ಕೇಳಿದ ದಿನವೇ ಜಂಗ್ಲಿಸಾಬನಿಗೆ ಸಂಶಯ ಬಂದಿತ್ತು.

“ಚಲೋ ಕೆಲಸ ಮಾಡಿದ್ದಕ್ಕ ಒಯ್ದು ಬರ್ಫದಾಗ ಒಗೀತಾರ? ಹಂಗಾರ ತಪ್ಪ ಮಾಡಿದವ್ರನ್ನ ಏನ ಮಾಡತಾರ?”

“ಇಲ್ಲೇ ಬಿಡತಾರ್ರಿ,” ಎಂದಿದ್ದ ಇನಾಯತ.

ಡೇರೆ ಕಂಪನಿಯದು, ಉಳಿದ ಸಾಮಾನು ಅವರವರದೇ. ಏನೇನು ತರಬೇಕೆಂದು ಬಂದ ಇಂಗ್ಲಿಷಿನ ಕಾಗದವನ್ನು ಜಂಗ್ಲಿಸಾಬನ ಮಗಳು ಹೀನಾ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕನ್ನಡದಲ್ಲಿ ಓದಿದ್ದಳು. ಒಂದರ ಮೇಲೊಂದು ಹಾಕಿಕೊಳ್ಳಲು ಮೂರು ಪದರದ ಬಟ್ಟೆ. ಉಣ್ಣೆಯ ಕಾಲುಚೀಲ. ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿ. ಹಿಮ ಅಗೆಯಲು ಸಲಿಕೆ. ಇನಾಯತನ ತಾಯಿ ಬಿಸ್ಮಿಲ್ಲಾ ಇದನ್ನೆಲ್ಲ ಕಿವಿಗೊಟ್ಟು ಕೇಳಿ, ಇದರಲ್ಲಿ ತಿನ್ನುವುದು ಒಂದೂ ಇಲ್ಲ ಎಂದು ಪತ್ತೆಹಚ್ಚಿ, ಅಂದಿನಿಂದಲೇ ಕಡಕ್ ರೊಟ್ಟಿ ಬಡಿಯಲು ಕುಳಿತಿದ್ದಳು. ಈಗ ಅವರ ಮನೆಯಲ್ಲಿ ಸೂಟ್‌ಕೇಸಿನ ಒಂದು ಬದಿ ಪೂರ್ತಿ ರೊಟ್ಟಿ, ಇನ್ನೊಂದು ಬದಿ ಶೇಂಗಾ ಚಟ್ನಿ. ಉಣ್ಣೆಯ ಕಾಲುಚೀಲಗಳು ರೊಟ್ಟಿ ಮುರಿಯದಂತೆ ನಡುವೆ ಇಡಲು ಉಪಯೋಗಕ್ಕೆ ಬಂದಿದ್ದವು.

ಹೀನಾ ಓದುತ್ತ ಓದುತ್ತ “ಮಲಗೋ ಚೀಲ” ಎಂದಾಗ ಜಂಗ್ಲಿಸಾಬ ಹತ್ತಿ ಹಿಂಜುವುದನ್ನು ನಿಲ್ಲಿಸಿದ್ದ.

“ಅದೊಂದು ಸಿಕ್ಕೈತ್ರಿ,” ಎಂದಿದ್ದ ಇನಾಯತ. “ಹುಬ್ಬಳ್ಳ್ಯಾಗ ದೋಸ್ತನ ಕಡೆ ಐತಿ. ಬಾತುಕೋಳಿ ಪುಕ್ಕದ್ದು. ಮಡಚಿದ್ರ ತಂಬಿಗಿಯಷ್ಟ ಆಗತೈತಿ.”

ಮೂರು ತಲೆಮಾರಿನಿಂದ ಹತ್ತಿ ಹಿಂಜಿದ ಮನೆತನದ ಅಳಿಯ ಹೋಗಿ ಕೋಳಿಯ ಪುಕ್ಕದಲ್ಲಿ ಮಲಗುವುದು. ಜಂಗ್ಲಿಸಾಬನಿಗೆ ಊಟ ಸೇರಲಿಲ್ಲ. ಬಸ್ ಸ್ಟ್ಯಾಂಡಿನ ಎದುರು ಫೋಮ್ ಗಾದಿಯ ಅಂಗಡಿ ಬಂದಾಗಿನಿಂದ ಜನ ಅವನ ಬಳಿ ತಲೆದಿಂಬಿಗಷ್ಟೇ ಬರುತ್ತಿದ್ದರು, ಅದನ್ನೂ ಉಪಕಾರ ಮಾಡಿದಂತೆ ಒಯ್ಯುತ್ತಿದ್ದರು. ಅವನು ಮಾಡಿದ ಗಾದಿ ಹೆಚ್ಚೆಂದರೆ ನರಗುಂದ ದಾಟಿ ಕೊಣ್ಣೂರಿನ ಸೇತುವೆಯವರೆಗೆ ಹೋಗಿತ್ತು, ಅದೂ ಒಬ್ಬಳು ಮದುಮಗಳ ಜೊತೆ. ತನ್ನ ಕೈಯದೊಂದು ವಸ್ತು ಆ ನಾರ್ವೆಗೆ ಹೋಗಬೇಕು. ಬೇರೇನೂ ಬೇಡ, ಅದೊಂದು ಆಗಬೇಕು. ಹಾಗೆಂದು ರೋಣದ ಸಂತೆಯಿಂದ ಒಳ್ಳೆಯ ಜಯಧರ ಹತ್ತಿ ತಂದ, ಅಟ್ಟದ ಮೇಲಿಟ್ಟಿದ್ದ ಅಜ್ಜನ ಹಿಂಜುವ ಬಿಲ್ಲನ್ನು ಇಳಿಸಿ ಕೈಯಿಂದಲೇ ಹಿಂಜಿದ, ಅಳತೆಗೆಂದು ಇನಾಯತನನ್ನು ಕರೆಸಿ ಬಟ್ಟೆಯ ಮೇಲೆ ಮಲಗಿಸಿದ. ಅಳತೆ ಮುಗಿದದ್ದು ಎಲ್ಲಿ, ಹೊಲಿಗೆ ಶುರುವಾದದ್ದು ಎಲ್ಲಿ, ಇನಾಯತನಿಗೆ ಗೊತ್ತಾಗಲಿಲ್ಲ.

“ಅಪ್ಪಾ, ಅಂವ ಹೊರಗ ಹ್ಯಾಂಗ ಬರಬೇಕು?” ಕಟ್ಟೆಯ ಮೇಲಿಂದ ಹೀನಾ ಕೇಳಿದಳು.

“ಕತ್ತರಿ ಹಚ್ಚಿ.”

“ಆ ಚೀಲಕ್ಕೆಲ್ಲಾ ಚೈನ್ ಇರತೈತ್ರಿ ಮಾಮಾ. ಜರ್ ಅಂತ ಎಳದ್ರ ಆತು.”

“ಚೀಲ ಅಂದಿ ಹೌದಿಲ್ಲೊ? ಜ್ವಾಳದ ಚೀಲಕ್ಕ ಚೈನ್ ನೋಡಿಯೇನು? ಚೀಲ ಅಂದಮ್ಯಾಲ ತುಂಬಬೇಕು, ಬಾಯಿ ಹೊಲೀಬೇಕು. ಬಾಯಿ ತೆರದಿದ್ದಕ್ಕ ಚೀಲ ಅನ್ನಂಗಿಲ್ಲ, ಜೋಳಿಗಿ ಅಂತಾರ.”

“ದಿನಾ ಸಂಜಿಗೆ ಅಲ್ಲಿ ಯಾರ್ರಿ ಹೊಲೀತಾರ ನನ್ನ?”

“ಜೋಡೀಗೆ ಬಂದಾವ್ರು. ನಿಂದು ಅವರು, ಅವರದು ನೀನು.”

“ಎಲ್ಲಾರ್ನೂ ಹೊಲಿದಮ್ಯಾಲ ಕಡೀಗೆ ಒಬ್ಬಾಂವ ಉಳೀತಾನಲ್ರಿ?”

ಜಂಗ್ಲಿಸಾಬ ದಬ್ಬಣದಿಂದ ಕಿವಿ ಕೆರೆದುಕೊಂಡ. “ಅಂವ ಕಾವಲ ಕುಂದರತಾನ. ಕರಡಿ ಬಂದ್ರ ಒಬ್ಬರರ ಎದ್ದಿರಬೇಕಿಲ್ಲೊ?”

ಹೀನಾ ಕತ್ತರಿ ತಂದು ಇನಾಯತನನ್ನು ಬಿಡಿಸಿದಳು. ಎದ್ದು ಕುಳಿತವನು ಬೆವರು ಒರೆಸಿಕೊಂಡು ಚೀಲವನ್ನು ಎತ್ತಲು ನೋಡಿದ. ಅದು ಒಂದು ಮೂಲೆಯಿಂದ ಎದ್ದು, ಇನ್ನೊಂದು ಮೂಲೆಯಿಂದ ಕುಳಿತಿತು.

“ಮಾಮಾ, ವಿಮಾನದಾಗ ಇಷ್ಟ ತೂಕ ಅಂತ ಇರತೈತ್ರಿ. ಇದೊಂದ ಒಯ್ದ್ರ ನಾ ಇಲ್ಲೇ ಉಳೀಬೇಕು.”

“ಹಾಕ್ಕೊಂಡು ಹತ್ತು. ಮೈಮ್ಯಾಲಿನ ಬಟ್ಟಿ ಯಾರೂ ತೂಗಂಗಿಲ್ಲ.”

“ಅಲ್ಲಿ ಥಂಡಿ ಅಂದ್ರ ನಮ್ಮ ಥಂಡಿ ಅಲ್ರಿ. ಮೈನಸ್ ಇಪ್ಪತ್ತು.”

“ಮೈನಸ್ ಅಂದ್ರ ಕಳಿಯೂದು. ಥಂಡ್ಯಾಗಿಂದ ಇಪ್ಪತ್ತ ಕಳದ್ರ ಥಂಡಿ ಕಡಿಮಿ ಆತಲ್ಲ?”

ಇನಾಯತ ಹೀನಾಳ ಮುಖ ನೋಡಿದ. ಹೀನಾ ಬೀದಿಯ ಕಡೆ ನೋಡಿದಳು. ಮಾವನಿಗೆ ಬೇಡ ಎನ್ನುವ ಧೈರ್ಯ ಇನಾಯತನಿಗೆ ಇರಲಿಲ್ಲ. ಹತ್ತು ಮನೆ ಒಂದರ ಮೇಲೊಂದು ಪೇರಿಸಿದಷ್ಟು ಎತ್ತರದ ಕಂಬ ಏರುವ ಧೈರ್ಯ ಬೇರೆ, ಇದು ಬೇರೆ. ಅದಕ್ಕೇ ಅವನು ಒಂದು ಉಪಾಯ ಹೂಡಿದ.

“ಹಂಗಾರ ಪರೀಕ್ಷಾ ಮಾಡೂಣ್ರಿ. ಕಳಕಪ್ಪ ಕಾಕಾರ ಬರ್ಫದ ಫ್ಯಾಕ್ಟರಿ ಐತಲ್ರಿ? ಅಲ್ಲಿ ಬರ್ಫದ ಮ್ಯಾಲ ಈ ಚೀಲದಾಗ ಒಂದ ತಾಸು ನಿದ್ದಿ ಹತ್ತಿದ್ರ ನಾ ಇದನ್ನ ಒಯ್ತೀನಿ. ಇಲ್ಲಾಂದ್ರ ಪುಕ್ಕದ್ದು.”

“ಮಲಗಾಂವ ಯಾರು?” ಎಂದ ಜಂಗ್ಲಿಸಾಬ. ನಂತರ ತಾನೇ ಉತ್ತರ ಹೇಳಿದ. “ನಾನ ಮಲಗತೇನಿ. ನೀ ಬೇಕಂತ ಎಚ್ಚರ ಇರತಿ.”

ಕಳಕಪ್ಪನೂ ಜಂಗ್ಲಿಸಾಬನೂ ಕೂಡಿ ಶಾಲೆಗೆ ಹೋದವರು, ಕೂಡಿಯೇ ಬಿಟ್ಟವರು. ನರೇಗಲ್ ರಸ್ತೆಯಲ್ಲಿದ್ದ ಅವನ ಫ್ಯಾಕ್ಟರಿಗೆ ಡಿಸೆಂಬರಿನಲ್ಲಿ ಕೆಲಸವೇ ಇರಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತು, ತನ್ನ ಬರ್ಫನ್ನು ಯಾರೂ ಕೇಳದ ಈ ಋತುವನ್ನು ಬೈಯುತ್ತಿದ್ದವನಿಗೆ, ತಳ್ಳುಗಾಡಿಯಲ್ಲಿ ಚೀಲ ಹೇರಿಕೊಂಡು ಬಂದ ಮೂವರನ್ನು ನೋಡಿ ಜೀವ ಬಂತು.

“ಬರ್ಫದ ಮ್ಯಾಲ ಮಲಗಾಕ ಬಂದಿಯೇನೋ ಜಂಗ್ಲಿ? ಮನ್ಯಾಗ ಜಗಳಾ ಆಗೇತೇನು?”

“ನಿನ್ನ ಬರ್ಫ ಎಷ್ಟ ಥಂಡಿ ಐತಿ, ಅದನ್ನ ಹೇಳು.”

“ಉಪ್ಪನೀರಿನ ತೊಟ್ಟ್ಯಾಗ ಮೈನಸ್ ಹತ್ತು. ಇಳಸಲೇನು?”

“ನಾ ಉಪ್ಪಿನಕಾಯಿ ಅಲ್ಲ. ಗೋದಾಮ ತೋರಸು.”

ಗೋದಾಮಿನಲ್ಲಿ ಹೊಟ್ಟು ಮುಚ್ಚಿದ ಬರ್ಫದ ಗಡ್ಡೆಗಳು ಸಾಲಾಗಿ ಮಲಗಿದ್ದವು. ಹೊಟ್ಟು ಸರಿಸಿ, ಅವುಗಳ ಮೇಲೆ ಚೀಲ ಹಾಸಿದರು. ಜಂಗ್ಲಿಸಾಬ ಚಪ್ಪಲಿ ಬಿಟ್ಟು, ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡು ಒಳಗೆ ಸೇರಿದ. ಹೀನಾ ದಬ್ಬಣ ಹಿಡಿದಳು.

“ಹೊಲಿಗಿ ಟಾಕಿ ಹತ್ತಿರ ಹತ್ತಿರ ಇರಲಿ,” ಎಂದ ಅವನು ಒಳಗಿನಿಂದ. “ಪರದೇಶದ ಮಂದಿ ನೋಡತಾರ.”

ಗಂಟು ಬಿತ್ತು. ಬಾಗಿಲು ಹಾಕಿಕೊಂಡಿತು. ಕತ್ತಲಲ್ಲಿ ಜಂಗ್ಲಿಸಾಬ ಚಳಿಗಾಗಿ ಕಾದ. ಚಳಿ ಅವನ ಮೂಗಿನ ತನಕ ಬಂದು ಅಲ್ಲಿಂದ ಮುಂದೆ ದಾರಿ ಸಿಗದೆ ನಿಂತಿತು. ಕಾಲು ಬೆಚ್ಚಗಾಯಿತು, ಹೊಟ್ಟೆ ಬೆಚ್ಚಗಾಯಿತು. ಒಂದು ವಿಚಿತ್ರ ಅವನಿಗೆ ಹೊಳೆಯಿತು. ಆಯುಷ್ಯವೆಲ್ಲ ಊರಿಗೆ ಗಾದಿ ಮಾಡಿಕೊಟ್ಟು, ತಾನು ಮಾತ್ರ ಅಂಗಡಿಯ ಚಾಪೆಯ ಮೇಲೆ, ಉಳಿದ ಚಿಂದಿಯ ಮೇಲೆ ಮಲಗುತ್ತ ಬಂದಿದ್ದ. ತನ್ನ ಕೆಲಸದ ಒಳಗೆ ಅವನು ಹೋದದ್ದು ಇದೇ ಮೊದಲು. ಒಳಗೆ ಚೆನ್ನಾಗಿತ್ತು. ಯಾರೂ ದಿಂಬಿಗೆ ಚೌಕಾಸಿ ಮಾಡುತ್ತಿರಲಿಲ್ಲ. ಇನಾಯತ ಈ ಚೀಲದಿಂದ ತಲೆ ಹೊರಹಾಕಿದಾಗ ನಾರ್ವೆಯವರು ಸುತ್ತ ನಿಂತು, ಇದನ್ನು ಹೊಲಿದವರು ಯಾರು ಎಂದು ಕೇಳುವುದನ್ನು ಅವನು ಕಲ್ಪಿಸಿಕೊಂಡ. ಅವರು ಕಚ್ಚಾ ಕನ್ನಡದಲ್ಲಿ ಕೇಳಿದರು. ಉತ್ತರ ಕೇಳಿಸುವ ಮೊದಲೇ ನಿದ್ದೆ ಬಂತು.

ಹೊರಗೆ ಕರೆಂಟು ಹೋಯಿತು.

“ಗುಡ್ಡದ ಮ್ಯಾಲ ನಿನ್ನ ಫ್ಯಾನ್ ತಿರಗಾಕತ್ತಾವಲ್ಲೋ ಇನಾಯತ,” ಎಂದ ಕಳಕಪ್ಪ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಹಾಕಿ. “ಕರೆಂಟ್ ಎಲ್ಲಿ ಹೋಗತೈತಿ?”

“ಬ್ಯಾರೆ ಕಡೆ ಹೋಗತೈತ್ರಿ ಕಾಕಾ.”

“ಬ್ಯಾರೆ ಕಡೆ ಅಂದ್ರ ನಾರ್ವೆಗೇನು?”

ಕರೆಂಟು ಬರಲಿಲ್ಲ. ಯಂತ್ರದ ಸದ್ದು ನಿಂತ ಮೇಲೆ ಬೇರೊಂದು ಸದ್ದು ಕೇಳಿಸತೊಡಗಿತು, ಟಪ್, ಟಪ್ ಎಂದು. ಗೋದಾಮಿನ ಬಾಗಿಲ ಸಂದಿಯಿಂದ ನೀರು ಹರಿದು ಬಂದು ಕಳಕಪ್ಪನ ಕುರ್ಚಿಯ ಕಾಲನ್ನು ಮುಟ್ಟಿದಾಗ ಮೂವರೂ ಎದ್ದು ಒಳಗೆ ಓಡಿದರು. ಬ್ಯಾಟರಿಯ ಬೆಳಕಿನಲ್ಲಿ ನೋಡಿದರೆ ಜಂಗ್ಲಿಸಾಬನ ಮೂಗು ಮಾತ್ರ ಕಾಣುತ್ತಿತ್ತು. ಅದು ಗೊರಕೆ ಹೊಡೆಯುತ್ತಿತ್ತು. ಚೀಲ ಮೊದಲಿಗಿಂತ ದಪ್ಪಗಾಗಿತ್ತು.

ಹಿಡಿದೆತ್ತಲು ಹೋದರೆ ಚೀಲ ಮೇಲೇಳಲಿಲ್ಲ. ಬಿಚ್ಚೋಣವೆಂದರೆ ಕತ್ತರಿ ಅಂಗಡಿಯಲ್ಲೇ ಉಳಿದಿತ್ತು. ಕಳಕಪ್ಪ ಬರ್ಫ ಕೊಯ್ಯುವ ಗರಗಸ ತಂದ. ಅದನ್ನು ಹೀನಾ ಕೈಯಿಂದ ಕಸಿದುಕೊಂಡಳು. ಕೊನೆಗೆ ಕಳಕಪ್ಪ ತಲೆ, ಇನಾಯತ ಕಾಲು, ಹೀನಾ ನಡುವೆ, ಹೀಗೆ ಮೂವರೂ ಹೊರಳಿಸಿ ಹೊರಳಿಸಿ ತಳ್ಳುಗಾಡಿಗೆ ಹಾಕಿ ಬಿಸಿಲಿಗೆ ತಂದರು.

ನರೇಗಲ್ ಕಡೆಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದ ಸಿದ್ದವ್ವ ಗಾಡಿಯನ್ನು ನೋಡಿ ನಿಂತಳು. ಬುಟ್ಟಿ ಇಳಿಸಿ, ಸೆರಗನ್ನು ಬಾಯಿಗೆ ಹಿಡಿದಳು.

“ಎಷ್ಟ ಚಲೋ ಮನಿಷ್ಯಾ ಇದ್ದ. ನನ್ನ ಮಗಳ ಗಾದಿ ಅಂವನ ಮಾಡಿದ್ದ.”

“ಹತ್ತಿ ಮುದ್ದಿ ಆಗಿದ್ರ ತಾ,” ಎಂದ ಜಂಗ್ಲಿಸಾಬ ಕಣ್ಣು ತೆರೆಯದೆ. “ಇನ್ನೊಮ್ಮೆ ಹಿಂಜಿ ಕೊಡತೇನಿ.”

ಸಿದ್ದವ್ವ ಬುಟ್ಟಿ ಅಲ್ಲೇ ಬಿಟ್ಟು ಓಡಿದಳು.

“ಯಾಕ ಎಬಿಸಿದ್ರಿ?” ಎಂದ ಅವನು ಈಗ ಕಣ್ಣು ತೆರೆದು. “ಒಂದ ತಾಸ ಆತೇನು?”

“ಆತ್ರಿ, ಹೆಚ್ಚ ಆತು,” ಎಂದ ಇನಾಯತ.

“ನಿದ್ದಿ ಹತ್ತಿತ್ತು, ಹೌದಿಲ್ಲೊ? ಕಳಕಾ, ನೀ ಸಾಕ್ಷಿ.”

“ಗ್ವಾಡಿ ಅಳ್ಳಾಡತಿದ್ದುವೋ ಮಾರಾಯಾ ನಿನ್ನ ಗೊರಕಿಗೆ,” ಎಂದ ಕಳಕಪ್ಪ.

ಹೀನಾ ಅಂಗಡಿಗೆ ಓಡಿಹೋಗಿ ಕತ್ತರಿ ತಂದು ಬಾಯಿ ಬಿಚ್ಚಿದಳು. ಗೆದ್ದವನಂತೆ ಎದ್ದು ಕುಳಿತ ಜಂಗ್ಲಿಸಾಬ ಕೈಯೂರಿದ್ದು ಚೀಲದ ಅಂಚಿನ ಮೇಲೆ. ಬೆರಳ ಸಂದಿಯಿಂದ ನೀರು ಉಕ್ಕಿ ಮಣಿಕಟ್ಟು ದಾಟಿ ಮೊಣಕೈಗೆ ಇಳಿಯಿತು. ಅವನು ಕೈಯೆತ್ತಿ ನೋಡಿದ. ಇನ್ನೊಂದು ಕಡೆ ಹಿಂಡಿದ. ಅಲ್ಲಿಯೂ ನೀರು. ಬೆನ್ನಿನ ಹಿಂದೆ ಕೈ ಹಾಕಿದಾಗ ಅಂಗಿಯೂ ತೊಯ್ದಿರುವುದು ಗೊತ್ತಾಯಿತು, ಗೊತ್ತಾದೊಡನೆ ಹಲ್ಲು ಕಟಕಟ ಎನ್ನತೊಡಗಿತು. ರಾತ್ರಿ ಇಬ್ಬನಿಗೆ ಗಾದಿ ಬಿಡಬೇಡಿ, ಹತ್ತಿ ನೀರು ಕುಡಿದರೆ ಬಿಡುವುದಿಲ್ಲ ಎಂದು ಊರಿನ ಹೆಂಗಸರಿಗೆಲ್ಲ ಹೇಳುತ್ತ ಬಂದವನು ಅವನೇ.

“ಇನಾಯತ.”

“ಹೇಳ್ರಿ.”

“ಅಲ್ಲಿ ಬರ್ಫ ಕರಗತೈತೇನು?”

“ಮನಿಷ್ಯಾ ಮಲಗಿದಲ್ಲಿ ಮೈ ಬಿಸಿಗೆ ಒಂಚೂರು ಕರಗತೈತಂತ್ರಿ.”

“ಕರಗಿದ್ದು?”

“ಮತ್ತ ಹೆಪ್ಪುಗಟ್ಟತೈತಿ, ತೊಯ್ದ ಚೀಲದ ಸಂಗಾಟ.”

ಜಂಗ್ಲಿಸಾಬ ಸೊಂಟದವರೆಗೆ ಚೀಲದಲ್ಲೇ ಇದ್ದು, ತಳ್ಳುಗಾಡಿಯ ಮೇಲೆ ಕುಳಿತು ಗುಡ್ಡದ ಕಡೆ ನೋಡಿದ. ಕೆಂಪು ಪಟ್ಟೆಯಿಂದ ನೀರು ರಸ್ತೆಯ ಮಣ್ಣಿಗೆ ಸುರಿಯುತ್ತಿತ್ತು. ಬಣ್ಣವೂ ಬಿಡುತ್ತಿತ್ತು. ಮಾವನ ಮುಖ ಹೀಗೆ ಇಳಿದದ್ದನ್ನು ಇನಾಯತ ಹಿಂದೆ ಒಮ್ಮೆ ಮಾತ್ರ ನೋಡಿದ್ದ, ಫೋಮ್ ಅಂಗಡಿಯ ಉದ್ಘಾಟನೆಗೆ ಮಾವನಿಗೂ ಕರೆ ಬಂದ ದಿನ.

“ಮಾಮಾ, ಮಾತಂದ್ರ ಮಾತರಿ,” ಎಂದ ಅವನು. “ನೀವು ತಾಸಿನಮ್ಯಾಲ ಮಲಗಿದ್ರಿ. ನಾ ಸೋತೆ. ಬಿಸಲಿಗೆ ಹಾಕಿ ಒಣಗಿಸೂಣು. ಪುಕ್ಕದ್ದು ಬ್ಯಾಡಂತ ಇವತ್ತ ಫೋನ್ ಮಾಡತೀನಿ.”

ಜಂಗ್ಲಿಸಾಬ ಚೀಲದ ಒಂದು ಮೂಲೆಯನ್ನು ಹಿಂಡಿದ.

“ರೊಟ್ಟಿ ತಗದು ಜಾಗಾ ಮಾಡತೀನ್ರಿ. ಅವ್ವ ಬೈದ್ರ ಬೈಲಿ.”

ಜಂಗ್ಲಿಸಾಬ ಕತ್ತರಿಸಿದ ದಾರದ ಎಳೆಗಳನ್ನು ಒಂದೊಂದಾಗಿ ಕಿತ್ತ.

“ಹಾಕ್ಕೊಂಡ ಹತ್ತತೀನ್ರಿ ವಿಮಾನ. ಹೀನಾ ಬಂದು ಬಾಯಿ ಹೊಲಿದು ಹೋಗ್ಲಿ. ನಿಮ್ಮ ಚೀಲದಾಗ ಹೋಗತೀನಿ, ಕೊಡ್ರಿ.”

ಜಂಗ್ಲಿಸಾಬ ಒದ್ದೆ ಚೀಲವನ್ನು ಎರಡೂ ಕೈಯಿಂದ ಎದೆಯವರೆಗೆ ಎಳೆದುಕೊಂಡ.

“ಕೊಡಂಗಿಲ್ಲ,” ಎಂದ.