ಮೂರು ಕಡೆಯಿಂದ ಮೂರು ಫೋಟೋ

ಗದ್ದ ಸ್ವಲ್ಪ ಕೆಳಗೆ ಅಜ್ಜಿ, ಇನ್ನೂ ಸ್ವಲ್ಪ, ಹಾಂ ಅಲ್ಲೇ ಇರಲಿ, ಎನ್ನುತ್ತ ಅವಳು ಎರಡು ಬೆರಳಲ್ಲಿ ಮುದುಕಿಯ ಗದ್ದ ಮುಟ್ಟಿದಳು, ಪೌಡರಿನ ನುಣುಪು, ಕೆಳಗೆ ಬೆಚ್ಚಗಿನ ಚರ್ಮ — ದಿನಕ್ಕೆ ಇಪ್ಪತ್ತು ಗಿರಾಕಿಗಳ ಗದ್ದ, ಇಪ್ಪತ್ತು ಭುಜ, ಮನೆಗೆ ಹೋದರೆ ಮುಟ್ಟಲು ಒಂದು ಮೈಯಿಲ್ಲ. ನಗಬೇಡಿ, ಪಾಸ್‌ಪೋರ್ಟಿಗೆ ನಗು ನಡೆಯಲ್ಲ. ನಾನೆಲ್ಲಿ ನಕ್ಕೆ ತಾಯಿ, ನನ್ನ ಮುಖ ಇರೋದೇ ಹೀಗೆ. ಫ್ಲಾಶ್ ಫಳ್ಳೆಂದಿತು. ಮೊದಲೆಲ್ಲ ಗಂಡ ರೇಗಿಸುತ್ತಿದ್ದ, ಎಂಥ ಸಾಧುಪ್ರಾಣಿನೂ ನಿನ್ನ ಸ್ಟುಡಿಯೋಗೆ ಬಂದ್ರೆ ಪೊಲೀಸರು ಹುಡುಕ್ತಿರೋ ಆಸಾಮಿ ಥರ ಆಚೆ ಬರ್ತಾನಲ್ಲೇ ಅಂತ, ಲಿಫ್ಟ್ ರಿಪೇರಿಯ ಗ್ರೀಸು ಹತ್ತಿದ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ. ಆ ಕೈ ನಾಲ್ಕು ತಿಂಗಳು ಹಾಸಿಗೆಯಲ್ಲಿ ಅವಳಿಂದ ಮಾರು ದೂರ ಮಲಗಿತ್ತು, ಅವಳೋ ಕನ್ನಡಿ ಮುಂದೆ ನಿಂತು ತನ್ನ ಹೊಟ್ಟೆಯನ್ನು, ಕತ್ತಿನ ಗೆರೆಗಳನ್ನು ದೂರಿದ್ದೇ ದೂರಿದ್ದು, ಮತ್ತೆ ಯಾವಳಾದರೂ ಇರಬಹುದೇ ಅಂತ ಅವನ ಜೇಬನ್ನೂ ನೋಡಿದ್ದಳು, ಸಿಕ್ಕಿದ್ದು ನೋವಿನ ಮಾತ್ರೆ. ಪಾಪ, ಒಬ್ಬನೇ ನುಂಗುತ್ತಿದ್ದ.

ಫೋನು. ನಾದಿನಿ. ಅತ್ತಿಗೆ, ಅಣ್ಣ ಫೋನೇ ಎತ್ತಲ್ಲ, ಏನು ಜಗಳಾನಾ? ಜಗಳ ಎಲ್ಲಿ ಬಂತು, ಬೆನ್ನುನೋವು ಕಣೇ. ಬೆನ್ನಾ, ಹಾಗಿದ್ರೆ ಚೆನ್ನಾಗಿ ತಿಕ್ಕು, ಗಂಡಸರಿಗೆ ಅರ್ಧ ರೋಗ ಹೆಂಡ್ತಿ ಕೈ ಬಿದ್ರೇ ಹೋಗೋದು, ಅಂತ ಕಿಸಕ್ಕನೆ ನಕ್ಕಳು, ಇವಳೂ ನಕ್ಕಳು, ನಗದಿದ್ದರೆ ಕೇಳುತ್ತಾಳಲ್ಲ. ಯಾರ ಹತ್ತಿರ ಹೇಳೋದು, ಸಕ್ಕರೆ ಕಾಯಿಲೆಯಾಗಿದ್ದರೆ ಬೀದಿಯೆಲ್ಲ ಔಷಧಿ ಹೇಳುತ್ತಿತ್ತು, ಇದು ಮಾತ್ರ ಬಾಯಿಗೆ ಬಂದರೆ ಅವನ ಮಾನ, ನುಂಗಿಕೊಂಡರೆ ಅವಳ ಉಸಿರು.

ಪೆರೋನಿ ಕಾಯಿಲೆ, ಅಂದಿದ್ದರು ಡಾಕ್ಟರು, ಮೂರು ವಾರದ ಹಿಂದೆ, ಶಿಶ್ನದ ಒಳಪದರದಲ್ಲಿ ಗಾಯದ ಕಲೆಯ ಥರ ಗಟ್ಟಿಯಾಗಿದೆ, ಅಷ್ಟು ಜಾಗ ಹಿಗ್ಗಲ್ಲ, ಅದಕ್ಕೇ ಬಾಗೋದು, ನೋಯೋದು, ಕ್ಯಾನ್ಸರ್ ಅಲ್ಲ, ಅಂಟುಜಾಡ್ಯ ಅಲ್ಲ, ನೀವಂದುಕೊಂಡಷ್ಟು ಅಪರೂಪವೂ ಅಲ್ಲ. ಮುಂದಿನ ಸಲ ಫೋಟೋ ತನ್ನಿ, ಮನೆಯಲ್ಲೇ, ನಿಮಿರಿದಾಗ, ಮೇಲಿಂದ, ಎದುರಿಂದ, ಪಕ್ಕದಿಂದ, ಬಾಗು ಎಷ್ಟು ಅಂತ ಅಳೆದೇ ಚಿಕಿತ್ಸೆ. ಫೋಟೋ ಅನ್ನುವುದೊಂದು ಕಿವಿಗೆ ಬಿದ್ದಿದ್ದೇ ತಡ, ಅವಳ ಬಾಯಿ, ಹಾಳು ಬಾಯಿ, ಹಿಂದೆ ಬಿಳಿ ಬಟ್ಟೆ ಹಾಕಿದ್ರೆ ಅಂಚು ಚೆನ್ನಾಗಿ ಬರುತ್ತಲ್ವಾ ಡಾಕ್ಟ್ರೇ, ಫ್ಲಾಶ್ ಬೇಡ, ನೆರಳು ಬೀಳುತ್ತೆ. ಓ, ನೀವು ಫೋಟೋಗ್ರಾಫರಾ, ನಮ್ಮಲ್ಲಿಗೆ ಬರೋವೆಲ್ಲ ಬರೀ ಕತ್ತಲೆ, ಅಲುಗಾಡಿದ್ದು! ಡಾಕ್ಟರೂ ಅವಳೂ ನಕ್ಕರು. ಅವಳು ಚೀಟಿಯ ಹಿಂದೆ ಬೆಳಕು ಎಲ್ಲಿಂದ ಬರಬೇಕು ಅಂತ ಬಾಣದ ಗುರುತು ಹಾಕಿಯೂ ತೋರಿಸಿದಳು — ಹೆದರಿಕೆಯಾದರೆ ಅವಳು ಬೆಳಕಿನ ಮಾತಾಡುತ್ತಾಳೆ, ಅಪ್ಪ ಐಸಿಯುನಲ್ಲಿದ್ದಾಗಲೂ ಟ್ಯೂಬ್‌ಲೈಟಿನ ಮಾತೇ — ಅದು ಗಂಡನಿಗೆ ಗೊತ್ತಿತ್ತು, ಗೊತ್ತಿರಬೇಕಿತ್ತು, ತೆರೆಯ ಆಚೆ ನಿಂತು ಬೆಲ್ಟು ಬಿಗಿಯುತ್ತಿದ್ದ. ಬಸ್ಸಲ್ಲಿ ಒಂದೇ ಮಾತು, ಒಳ್ಳೇ ಗಿರಾಕಿ ಸಿಕ್ಕಿದೆನಲ್ಲ ನಿನಗೆ. ಅವತ್ತೇ ಹಾಸಿಗೆ ಸುತ್ತಿಕೊಂಡು ಹೊಲಿಗೆ ಮಿಷನ್ನಿನ ಕೋಣೆ ಸೇರಿದ.

ನಾಳೆ ಬೆಳಿಗ್ಗೆ ಮತ್ತೆ ಡಾಕ್ಟರು, ಅದಕ್ಕೇ ಮಧ್ಯಾಹ್ನವೇ ಶಟರ್ ಎಳೆದು ಮನೆಗೆ ಬಂದಿದ್ದಾಳೆ, ದಾರಿಯುದ್ದಕ್ಕೂ ಮಾತು ಜೋಡಿಸಿ, ಅಳಿಸಿ. ಕೋಣೆಯ ಬಾಗಿಲು ಒಂದು ಗೇಣು ತೆರೆದಿದೆ, ರಜೆ ಹಾಕಿದ್ದಾನೆ, ಹಾಸಿಗೆಯ ಅಂಚಿನಲ್ಲಿ ಕೂತಿರಬೇಕು, ಸಂದಿಯಲ್ಲಿ ಕಾಣುವುದು ಪಾದ ಮಾತ್ರ, ಬಾಗಿಲಿಗೆ ಒಳಗಿಂದ ಒತ್ತುಕೊಟ್ಟ ಪಾದ. ರೀ, ಅವತ್ತು ನನ್ನದು ತಪ್ಪು. ಪಾದ ಅಲುಗಲಿಲ್ಲ. ಫೋಟೋ ನಾನು ತೆಗೀತೀನಿ, ಬಿಳಿ ಬಟ್ಟೆ ಗಿಟ್ಟೆ ಏನೂ ಇಲ್ಲ, ಫೋನಲ್ಲೇ, ಒಂದು ನಿಮಿಷ. ಬೇಡ. ಹೋಗ್ಲಿ, ನೀವೇ ತೆಗೀರಿ, ನಾನು ಆಚೆ ಬೀದಿ ಸುತ್ತಿ ಬರ್ತೀನಿ. ಬೇಡ. ಫೋಟೋ ಹಾಳಾಗ್ಲಿ ಬಿಡಿ, ನಾಳೆ ಜೊತೆಗೆ ಬರ್ತೀನಿ, ಹೊರಗೆ ಬೆಂಚ್ ಮೇಲೆ ಕೂತಿರ್ತೀನಿ, ಬಾಯಿ ಬಿಚ್ಚಲ್ಲ, ಸುಮ್ನೆ, ನೀವು ಆಚೆ ಬಂದಾಗ ಯಾರಾದ್ರೂ ಇರ್ಲಿ ಅಂತ — ಪಾದ, ಹೆಬ್ಬೆರಳ ಉಗುರಿನ ಅಂಚಲ್ಲಿ ಗ್ರೀಸಿನ ಕಪ್ಪು ಗೆರೆ, ಮರಕ್ಕೆ ಒತ್ತಿ ಒತ್ತಿ ಬೆಳ್ಳಗಾದ ಬೆರಳುಗಳು, ಪಾದ, ಅವನು ಗಟ್ಟಿಯಾಗಿ ಹೇಳಲಿಲ್ಲ, ಸ್ಟುಡಿಯೋದಲ್ಲಿ ಅವಳು ಗಿರಾಕಿಗೆ ಹೇಳುವಷ್ಟೇ ಮೆಲ್ಲಗೆ, ನೀನು ಬರಬೇಡ.